ಕಬಿನಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಲು ಅನುಮತಿ ಬೇಡವೇ? ವಾಟ್ಸಾಪ್ ಹೇಳುವುದೇನು, ಕಾನೂನು ಹೇಳುವುದೇನು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಒಂದು ಬಗೆಯ ಸಂದೇಶ ನಮ್ಮ ಗ್ರೂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ಹಸಿರು ಹುಲ್ಲಿನ ದಡ, ಹಿಂದೆ ನೀಲಿ ನೀರು, ನೀರಿನೊಳಗೆ ನಿಂತ ಒಣಮರಗಳು, ಮುಂದೆ ಒಂದು ಕಿತ್ತಳೆ ಬಣ್ಣದ ಟೆಂಟ್. ಕೆಳಗೆ ಬರಹ: 'ಬೆಂಗಳೂರಿನಿಂದ ಐದು ಗಂಟೆ ದಾರಿ. ಕಬಿನಿ ಹಿನ್ನೀರು. ಎಂಟ್ರಿ ಫೀಸ್ ಇಲ್ಲ, ಪರ್ಮಿಷನ್ ಬೇಡ. ಟೆಂಟ್ ತಗೊಂಡು ಹೋಗಿ, ಕ್ಯಾಂಪ್‌ಫೈರ್ ಹಾಕಿ, ಆನೆ ನೋಡಿ. ಬೇರೆಯವರಿಗೆ ಗೊತ್ತಾಗೋ ಮೊದಲು ಹೋಗಿಬನ್ನಿ!'

ಫೋಟೊ ಚೆನ್ನಾಗಿದೆ. ಊರಿನ ಹೆಸರೂ ಸರಿ ಇದೆ. ಆದರೆ 'ಪರ್ಮಿಷನ್ ಬೇಡ' ಎಂಬ ಎರಡು ಪದ ನಂಬಿ ಹೊರಟರೆ ಕಾರು ಜಪ್ತಿಯಾಗಬಹುದು, ಕೇಸು ಬೀಳಬಹುದು. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಈ ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಕಬಿನಿ ಹಿನ್ನೀರಿನ ದಡದ ಬಹುಪಾಲು ನಾಗರಹೊಳೆ ಮತ್ತು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೇರಿದ್ದು ಅಥವಾ ಅವುಗಳಿಗೆ ಅಂಟಿಕೊಂಡದ್ದು. ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ಅಲ್ಲಿ ನಾವು ನೀವು ಸ್ವಂತ ಟೆಂಟ್ ಹಾಕಿ ರಾತ್ರಿ ಕಳೆಯಲು ಸಾಮಾನ್ಯ ಪ್ರವಾಸಿ ಪರ್ಮಿಟ್ ಎಂಬುದು ಇಲ್ಲ. ಉದ್ಯಾನದ ಹೊರಗಿನ ಜಾಗಕ್ಕೂ ಯಾರಾದರೊಬ್ಬ ಮಾಲೀಕ ಇದ್ದೇ ಇರುತ್ತಾನೆ. ಅವರ ಒಪ್ಪಿಗೆ ಇಲ್ಲದೆ ಅಲ್ಲೂ ಟೆಂಟ್ ಹಾಕುವಂತಿಲ್ಲ.

ಆ ಖಾಲಿ ದಡ ಯಾರದ್ದು?

ಗೊಂದಲ ಶುರುವಾಗುವುದೇ ಇಲ್ಲಿಂದ. ಬೇಲಿ ಇಲ್ಲ, ಗೇಟ್ ಇಲ್ಲ, ಬೋರ್ಡ್ ಇಲ್ಲ. ಹಾಗಾಗಿ 'ಇದು ಯಾರದ್ದೂ ಅಲ್ಲದ ಜಾಗ' ಅನ್ನಿಸುತ್ತದೆ.

ಕಬಿನಿ ಕೇರಳದ ವಯನಾಡಿನಲ್ಲಿ ಹುಟ್ಟಿ ಕರ್ನಾಟಕಕ್ಕೆ ಹರಿದುಬಂದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ನದಿ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿ ಇದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ ಸುಮಾರು 19.5 ಟಿಎಂಸಿ. ನೀರು ತುಂಬಿದಾಗ ಹಲವು ಹಳ್ಳಿಗಳು, ಗದ್ದೆಗಳು, ಕಾಡಿನ ದೊಡ್ಡ ಭಾಗ ಮುಳುಗಿದವು. ಫೋಟೊದಲ್ಲಿ ಕಾಣುವ ಆ ಒಣಮರಗಳು ಹಾಗೆ ಮುಳುಗಿದ ಕಾಡಿನ ಉಳಿಕೆ.

ಈ ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ನಾಗರಹೊಳೆ 1955ರಲ್ಲಿ ವನ್ಯಧಾಮವಾಗಿ ಆರಂಭವಾಗಿ ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಯೋಜನೆಗೂ ಸೇರಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು.

ಮಳೆಗಾಲದಲ್ಲಿ ತುಂಬಿ ನಿಲ್ಲುವ ನೀರು ಜನವರಿ ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಆಗ ಹೊರಗೆ ಬರುವ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಫಾರ್ವರ್ಡ್‌ಗಳಲ್ಲಿ ಕಾಣುವುದು ಇದೇ ನೆಲ. ಇದು ಹೊಸದಾಗಿ ಹುಟ್ಟಿದ ಜಾಗ ಅಲ್ಲ. ಜಲಾಶಯಕ್ಕಾಗಿ ಸರ್ಕಾರ ವಶಪಡಿಸಿಕೊಂಡ ನೆಲವೋ, ಅರಣ್ಯ ಇಲಾಖೆಯ ನೆಲವೋ ಆಗಿರುತ್ತದೆ. ನೀರು ಇಳಿದ ಮಾತ್ರಕ್ಕೆ ಮಾಲೀಕತ್ವ ಇಳಿಯುವುದಿಲ್ಲ.

ಆದ್ದರಿಂದ ಹಿನ್ನೀರಿನ ದಡವನ್ನು ಮೂರು ಬಗೆಯಾಗಿ ನೋಡಬೇಕು. ಮೊದಲನೆಯದು, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ದಡ. ಎರಡನೆಯದು, ಉದ್ಯಾನದ ಹೊರಗೆ ಇರುವ, ಜಲಾಶಯಕ್ಕೆ ಸೇರಿದ ಸರ್ಕಾರಿ ನೆಲ. ಮೂರನೆಯದು, ಹಳ್ಳಿಗಳ ರೈತರ ಜಮೀನು, ಹೋಂಸ್ಟೇ ಮತ್ತು ರೆಸಾರ್ಟ್‌ಗಳ ಜಾಗ. ಮೂರಕ್ಕೂ ನಿಯಮ ಬೇರೆ ಬೇರೆ. 'ಪರ್ಮಿಷನ್ ಬೇಡ' ಎನ್ನುವ ಜಾಗ ಮಾತ್ರ ಈ ಮೂರರಲ್ಲಿ ಒಂದೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಮುಖ್ಯವಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ವನ್ಯಧಾಮಗಳಿಗೆ ಹೇಳಿದ ಪ್ರವೇಶದ ನಿಯಮಗಳೇ 35ನೇ ಸೆಕ್ಷನ್ ಮೂಲಕ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ. ಸಾಮಾನ್ಯ ಪ್ರವಾಸಿಗ ತಿಳಿದಿರಬೇಕಾದವು ಇವು:

ಸೆಕ್ಷನ್ 27: ಅನುಮತಿ ಪತ್ರ ಇಲ್ಲದೆ ಒಳಗೆ ಹೋಗುವಂತಿಲ್ಲ, ಇರುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಇರುವವರು, ಒಳಗೆ ಸ್ಥಿರಾಸ್ತಿಯ ಹಕ್ಕು ಇರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ. ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಕೂಡ ಇದೇ ಸೆಕ್ಷನ್ ಪ್ರಕಾರ ನಿಷಿದ್ಧ. ಅಂದರೆ ಚಿಪ್ಸ್ ಪೊಟ್ಟಣ ಎಸೆದು ಬಂದರೂ ಅದು ಕಾನೂನಿನ ಉಲ್ಲಂಘನೆಯೇ.

ಸೆಕ್ಷನ್ 28: ಅನುಮತಿಯನ್ನು ಯಾವ ಕಾರಣಕ್ಕೆ ಕೊಡಬಹುದು ಎಂದು ಇಲ್ಲಿದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸೋದ್ಯಮ, ಒಳಗೆ ವಾಸಿಸುವವರ ಜೊತೆ ಕಾನೂನುಬದ್ಧ ವ್ಯವಹಾರ. ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಅನುಮತಿಗೆ ಷರತ್ತು ಇರುತ್ತದೆ, ಶುಲ್ಕ ಇರುತ್ತದೆ.

ಸೆಕ್ಷನ್ 30: ಕಾಡಿಗೆ ಅಪಾಯವಾಗುವ ಹಾಗೆ ಬೆಂಕಿ ಹಚ್ಚುವುದು, ಉರಿಯುತ್ತಿರುವ ಬೆಂಕಿಯನ್ನು ಹಾಗೇ ಬಿಟ್ಟುಬರುವುದು ಎರಡೂ ನಿಷಿದ್ಧ. ಕ್ಯಾಂಪ್‌ಫೈರ್ ಇದರೊಳಗೇ ಬರುತ್ತದೆ.

ಸೆಕ್ಷನ್ 31: ಪೂರ್ವಾನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ.

ಶಿಕ್ಷೆ ಎಷ್ಟು? 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಈ ದಂಡದ ಮಿತಿ 25,000 ರೂಪಾಯಿ ಇತ್ತು. ಹುಲಿ ಸಂರಕ್ಷಿತ ಪ್ರದೇಶದ ಕೋರ್ ಭಾಗಕ್ಕೆ ಸಂಬಂಧಿಸಿದ ಅಪರಾಧಗಳಿಗೆ ಕಾಯ್ದೆಯಲ್ಲಿ ಇನ್ನೂ ಬಿಗಿಯಾದ ಶಿಕ್ಷೆ ಇದೆ: ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಯಾವ ಸೆಕ್ಷನ್ ಹಾಕುತ್ತಾರೆ ಎಂಬುದು ಪ್ರಕರಣದ ಮೇಲೆ ಹೋಗುತ್ತದೆ. ಆದರೆ ನೆನಪಿಡಿ, ಕನಿಷ್ಠ ಜೈಲು ಅವಧಿ ನಿಗದಿಯಾದ ಅಪರಾಧವನ್ನು 'ದಂಡ ಕಟ್ಟಿ ಮುಗಿಸಿಕೊಳ್ಳಲು' ಕಾಯ್ದೆ ಬಿಡುವುದಿಲ್ಲ. ತಪ್ಪಿಗೆ ಬಳಸಿದ ವಾಹನ, ದೋಣಿ, ಸಲಕರಣೆಗಳನ್ನು ಜಪ್ತಿ ಮಾಡುವ ಅಧಿಕಾರವೂ ಅಧಿಕಾರಿಗಳಿಗೆ ಇದೆ. ಇಎಂಐನಲ್ಲಿ ತೆಗೆದುಕೊಂಡ ಕಾರು ಅರಣ್ಯ ಇಲಾಖೆಯ ಕಚೇರಿ ಮುಂದೆ ನಿಂತರೆ ಬಿಡಿಸಿಕೊಂಡು ಬರುವುದು ಸುಲಭದ ಮಾತಲ್ಲ.

ಯಾವ ಅನುಮತಿಯಿಂದ ಏನು ಮಾಡಬಹುದು?

'ನಮ್ಮ ಹತ್ತಿರ ಪರ್ಮಿಟ್ ಇದೆ' ಎನ್ನುವವರಲ್ಲೂ ಹಲವರು ತಪ್ಪು ತಿಳಿದಿರುತ್ತಾರೆ. ಪರ್ಮಿಟ್ ಎಂದರೆ ಒಂದೇ ಚೀಟಿ ಅಲ್ಲ.

ಸಫಾರಿ ಟಿಕೆಟ್: ನಿಗದಿಯಾದ ವಾಹನ ಅಥವಾ ದೋಣಿಯಲ್ಲಿ, ನಿಗದಿಯಾದ ದಾರಿಯಲ್ಲಿ, ನಿಗದಿಯಾದ ಹೊತ್ತಿಗೆ ಹೋಗಿಬರಲು ಮಾತ್ರ. ಕೆಳಗೆ ಇಳಿಯುವಂತಿಲ್ಲ. ಸಮಯ ಮುಗಿದ ಮೇಲೆ ಒಳಗೆ ಉಳಿಯುವಂತಿಲ್ಲ.

ಚಿತ್ರೀಕರಣದ ಅನುಮತಿ: ಸಿನಿಮಾ, ಸಾಕ್ಷ್ಯಚಿತ್ರ, ವಾಣಿಜ್ಯ ಉದ್ದೇಶದ ವಿಡಿಯೊಗೆ ಪ್ರತ್ಯೇಕ ಅನುಮತಿ ಬೇಕು. 'ರೀಲ್ಸ್‌ಗೆ ಅಷ್ಟೇ' ಎಂದು ಡ್ರೋನ್ ಹಾರಿಸುವವರು ಗಮನಿಸಿ: ಡ್ರೋನ್‌ಗೆ ಅದರದೇ ಆದ 2021ರ ನಿಯಮಾವಳಿ ಇದೆ, ಅದರ ಮೇಲೆ ಕಾಡಿನ ಅನುಮತಿಯೂ ಬೇಕು.

ಚಾರಣದ ಅನುಮತಿ: ಕರ್ನಾಟಕದ ಅರಣ್ಯ ಇಲಾಖೆ ಆಯ್ದ ಚಾರಣ ದಾರಿಗಳಿಗೆ 'ಅರಣ್ಯ ವಿಹಾರ' ಎಂಬ ಜಾಲತಾಣದಲ್ಲಿ ಬುಕಿಂಗ್ ಕೊಡುತ್ತದೆ. ಅದು ಆ ದಾರಿಗೆ, ಆ ದಿನಕ್ಕೆ ಮಾತ್ರ. ಒಂದು ಬೆಟ್ಟಕ್ಕೆ ತೆಗೆದುಕೊಂಡ ಟಿಕೆಟ್ ತೋರಿಸಿ ಇನ್ನೊಂದು ಕಾಡಿನಲ್ಲಿ ಟೆಂಟ್ ಹಾಕಲು ಆಗದು.

ಸಂಶೋಧನೆಯ ಅನುಮತಿ: ಕಾಡಿನೊಳಗೆ ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುವ ವಿಜ್ಞಾನಿಗಳನ್ನು ನೋಡಿ 'ಅವರಿಗೆ ಬಿಡುತ್ತಾರಲ್ಲ' ಎನ್ನುವುದುಂಟು. ಅವರು ಯೋಜನೆಯ ವಿವರ ಸಲ್ಲಿಸಿ, ಒಪ್ಪಿಗೆ ಪಡೆದು, ಷರತ್ತುಗಳಿಗೆ ಸಹಿ ಹಾಕಿ ಬಂದಿರುತ್ತಾರೆ.

ಇನ್ನೊಂದು ವಿಷಯ. ಕಾನೂನುಬದ್ಧ ಪ್ರವಾಸ ಕೂಡ ಯಾವಾಗಲೂ ತೆರೆದಿರುತ್ತದೆ ಎನ್ನುವ ಹಾಗಿಲ್ಲ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಯಿಂದ ಜನ ಸತ್ತಾಗ ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿಯನ್ನೇ ನಿಲ್ಲಿಸಲಾಯಿತು. ಹಾಗಾಗಿ ಮೂರು ವರ್ಷದ ಹಿಂದಿನ ಬ್ಲಾಗ್ ಓದಿ ಹೊರಡುವ ಬದಲು ಹೊರಡುವ ವಾರದಲ್ಲಿ ಇಲಾಖೆಯಿಂದಲೇ ಕೇಳಿ ತಿಳಿಯುವುದು ಒಳ್ಳೆಯದು.

ಇಷ್ಟು ಕಟ್ಟುನಿಟ್ಟು ಯಾಕೆ?

'ಒಂದು ರಾತ್ರಿ ಮಲಗಿ ಬಂದರೆ ಕಾಡಿಗೇನು ನಷ್ಟ?' ಇದು ನ್ಯಾಯವಾದ ಪ್ರಶ್ನೆಯೇ. ಉತ್ತರ ಆ ದಡದಲ್ಲೇ ಇದೆ.

ನೀರು. ಒಂದು ದೊಡ್ಡ ಆನೆ ದಿನಕ್ಕೆ 150ರಿಂದ 200 ಲೀಟರ್‌ವರೆಗೂ ನೀರು ಕುಡಿಯಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ ಕಾಡಿನೊಳಗಿನ ಹಳ್ಳ, ಕೆರೆ ಬತ್ತಿದಾಗ ಸುತ್ತಲಿನ ಆನೆಗಳಿಗೆ ಉಳಿಯುವ ದೊಡ್ಡ ಆಸರೆ ಕಬಿನಿ ಹಿನ್ನೀರು. ಏಷ್ಯಾದ ಆನೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣಗಳಲ್ಲಿ ಇದೂ ಒಂದು. ನಮಗೆ ಟೆಂಟ್ ಹಾಕಲು ಚೆಂದ ಕಾಣುವ ಸಮತಟ್ಟಾದ ಜಾಗ ಎಂದರೆ ಬಹಳ ಸಲ ಹಿಂಡು ನೀರಿಗೆ ಇಳಿಯುವ ದಾರಿಯೇ. ಮರಿ ಜೊತೆಗಿರುವ ಹಿಂಡು ಕತ್ತಲಲ್ಲಿ ತನ್ನ ದಾರಿಗೆ ಅಡ್ಡವಾಗಿ ಟೆಂಟ್ ಕಂಡರೆ ಎರಡೇ ಸಾಧ್ಯತೆ. ಒಂದೋ ನೀರು ಕುಡಿಯದೆ ಹಿಂದಿರುಗುತ್ತದೆ, ಇಲ್ಲವೇ ಮುಂದೆ ಬರುತ್ತದೆ. ಎರಡೂ ಒಳ್ಳೆಯದಲ್ಲ.

ರಾತ್ರಿ. ಕಾಡಾನೆ ರಾತ್ರಿಯ ಹೊತ್ತು ನಮ್ಮ ಹಾಗೆ ಗಾಢ ನಿದ್ದೆ ಮಾಡುವುದಿಲ್ಲ. ಬಹುಪಾಲು ರಾತ್ರಿ ಮೇಯುತ್ತಾ, ನಡೆಯುತ್ತಾ ಇರುತ್ತದೆ. ಹುಲಿ, ಚಿರತೆಗಳು ಚುರುಕಾಗುವುದು ಮುಸ್ಸಂಜೆಯ ನಂತರ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಿದ್ದು 2009ರಲ್ಲಿ, ಇದೇ ಕಾರಣಕ್ಕೆ. ಡಾಂಬರು ರಸ್ತೆಯಲ್ಲಿ ಹಾದುಹೋಗುವುದಕ್ಕೇ ರಾತ್ರಿ ನಿರ್ಬಂಧ ಇರುವ ಕಾಡಿನಲ್ಲಿ ರಾತ್ರಿಯಿಡೀ ನೀರಿನ ದಡದಲ್ಲಿ ಮಲಗುವುದು ಎಂಥ ಯೋಚನೆ ಎಂದು ನೀವೇ ಅಳೆಯಿರಿ.

ಬೆಂಕಿ. ಫೆಬ್ರವರಿಯಿಂದ ಮೇವರೆಗೆ ಇಲ್ಲಿನ ಕಾಡು ಒಣಗಿ ನಿಂತಿರುತ್ತದೆ. ಒಣಹುಲ್ಲು, ಬಿದಿರು, ಲಂಟಾನ ಎಲ್ಲವೂ ಕಿಡಿ ಕಾಯುತ್ತಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹೊತ್ತಿದ ಬೆಂಕಿಗೆ ಸಾವಿರಾರು ಎಕರೆ ಕಾಡು ಸುಟ್ಟಿತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಈ ಬೆಂಕಿಗಳು ಕ್ಯಾಂಪ್‌ಫೈರ್‌ನಿಂದ ಹುಟ್ಟಿದವು ಎಂದು ನಾವು ಹೇಳುತ್ತಿಲ್ಲ. ಕಾಡಿನ ಬೆಂಕಿ ಒಮ್ಮೆ ಹೊತ್ತಿದರೆ ಅದನ್ನು ಆರಿಸಲು ಸೊಪ್ಪಿನ ಬರಲು ಹಿಡಿದು ನಿಲ್ಲುವವರು ಯಾರು, ಅದರ ಬೆಲೆ ಏನು ಎಂಬುದನ್ನು ಹೇಳುತ್ತಿದ್ದೇವೆ. ಬೂದಿಯ ಕೆಳಗಿನ ಕೆಂಡ ಗಂಟೆಗಟ್ಟಲೆ ಜೀವಂತ ಇರುತ್ತದೆ. 'ನೀರು ಹಾಕಿ ಬಂದೆವು' ಎಂದು ನೀವು ಹೊರಟ ಮೇಲೆ ಮಧ್ಯಾಹ್ನದ ಗಾಳಿಗೆ ಅದು ಮತ್ತೆ ಏಳಬಹುದು.

ಗೂಡು. ಬರಿ ನೆಲ ಎಂದು ನಾವು ತಿಳಿಯುವ ಜಾಗ ಕೆಲವು ಹಕ್ಕಿಗಳಿಗೆ ಹೆರಿಗೆಮನೆ. ರಿವರ್ ಟರ್ನ್ ಎಂಬ ನದಿ ಹಕ್ಕಿ ಬೇಸಿಗೆಯಲ್ಲಿ ನೀರು ಇಳಿದು ತೇಲಿಬರುವ ನಡುಗಡ್ಡೆ, ಮರಳು, ಕಲ್ಲುಗಳ ಮೇಲೆ ನೇರವಾಗಿ ಮೊಟ್ಟೆ ಇಡುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಹೆಸರಾದದ್ದು ಲಕ್ಕವಳ್ಳಿಯ ಭದ್ರಾ ಹಿನ್ನೀರು. ಮೊಟ್ಟೆಯ ಬಣ್ಣ ಕಲ್ಲಿನ ಬಣ್ಣವೇ. ತುಳಿದರೂ ಗೊತ್ತಾಗುವುದಿಲ್ಲ. ಜನ ಹತ್ತಿರ ಬಂದರೆ ತಾಯಿಹಕ್ಕಿ ಹಾರಿಹೋಗುತ್ತದೆ, ಉರಿಬಿಸಿಲಿಗೆ ಬಿದ್ದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಕೆಡಬಹುದು. ಪ್ರಪಂಚದ ಮಟ್ಟದಲ್ಲಿ ಅಳಿವಿನ ಅಪಾಯದ ಪಟ್ಟಿಗೆ ಸೇರಿರುವ ಹಕ್ಕಿ ಇದು.

ಕಸ. ಉಪ್ಪು, ಎಣ್ಣೆ, ಮಸಾಲೆ ಹತ್ತಿದ ಪ್ಲಾಸ್ಟಿಕ್ಕನ್ನು ಜಿಂಕೆ, ಆನೆಗಳು ತಿನ್ನುತ್ತವೆ. ಅದು ಜೀರ್ಣವಾಗುವುದಿಲ್ಲ. ಒಡೆದ ಬಾಟಲಿ ಮಳೆಗಾಲದಲ್ಲಿ ನೀರಿನಡಿ ಹೋಗಿ ಮುಂದಿನ ಬೇಸಿಗೆಗೆ ಆನೆಯ ಮೆತ್ತಗಿನ ಅಂಗಾಲಿಗೆ ಕಾದಿರುತ್ತದೆ.

ಜನ ನಂಬಿರುವ ಏಳು ಮಾತುಗಳು

1. 'ಬೆಂಕಿ ಹಾಕಿದರೆ ಕಾಡುಪ್ರಾಣಿ ಹತ್ತಿರ ಬರುವುದಿಲ್ಲ.'
ಇದನ್ನು ನಂಬಿ ಮಲಗುವಂತಿಲ್ಲ. ಕಾಡಂಚಿನ ರೈತರನ್ನು ಕೇಳಿ. ಬೆಂಕಿ, ಪಟಾಕಿ, ತಮಟೆ ಎಲ್ಲವನ್ನೂ ಕಂಡು ಅಭ್ಯಾಸವಾದ ಆನೆಗಳು ಹೊಲಕ್ಕೆ ಬರುತ್ತಲೇ ಇರುತ್ತವೆ. ಆನೆಯ ಮೂಗು ಬಹಳ ಚುರುಕು. ಟೆಂಟ್ ಒಳಗಿನ ಬಾಳೆಹಣ್ಣು, ಬೆಲ್ಲ, ಅಕ್ಕಿ, ಉಪ್ಪಿನ ವಾಸನೆ ಬಲು ದೂರದಿಂದಲೇ ಅದಕ್ಕೆ ಸಿಗುತ್ತದೆ.

2. 'ಗೂಗಲ್ ಮ್ಯಾಪ್‌ನಲ್ಲೇ ಕ್ಯಾಂಪ್‌ಸೈಟ್ ಎಂದು ತೋರಿಸುತ್ತದೆ.'
ಮ್ಯಾಪ್‌ನಲ್ಲಿ ಜಾಗದ ಹೆಸರು ಸೇರಿಸಲು ಯಾರು ಬೇಕಾದರೂ ಕೋರಬಹುದು, ಫೋಟೊ ಮತ್ತು ಸ್ಟಾರ್ ಯಾರು ಬೇಕಾದರೂ ಹಾಕಬಹುದು. ಅದು ದಾರಿ ತೋರಿಸುತ್ತದೆ, ಅನುಮತಿ ಕೊಡುವುದಿಲ್ಲ.

3. 'ಊರಿನವರೊಬ್ಬರಿಗೆ ಐನೂರು ಕೊಟ್ಟರೆ ಬಿಡುತ್ತಾರೆ.'
ಜಾಗ ಅವರದ್ದೇ ಆಗಿದ್ದರೆ, ಅವರು ಪಹಣಿ ಇರುವ ಸ್ವಂತ ಜಮೀನಿನಲ್ಲಿ ಬಿಟ್ಟರೆ ಅದು ಬೇರೆ ಮಾತು. ಕಾಡಿನ ಅಥವಾ ಜಲಾಶಯದ ನೆಲಕ್ಕೆ ಅನುಮತಿ ಕೊಡಲು ಯಾವ ಖಾಸಗಿ ವ್ಯಕ್ತಿಗೂ ಅಧಿಕಾರ ಇಲ್ಲ. ಸಿಕ್ಕಿಬಿದ್ದಾಗ ನಿಮ್ಮ ಹತ್ತಿರ ರಸೀದಿ ಇರುವುದಿಲ್ಲ, ಅವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

4. 'ತೆಪ್ಪದಲ್ಲಿ ಅಥವಾ ಕಯಾಕ್‌ನಲ್ಲಿ ಹೋದರೆ ನೆಲಕ್ಕೆ ಕಾಲಿಟ್ಟ ಹಾಗಲ್ಲ, ತಪ್ಪಿಲ್ಲ.'
ತಪ್ಪಿದೆ. ಸಂರಕ್ಷಿತ ಪ್ರದೇಶದ ಗಡಿ ನೀರಿನ ಮೇಲೂ ಹಾದುಹೋಗುತ್ತದೆ. ಗಡಿಯ ಒಳಗಿನ ನೀರೂ ಕಾಡೇ. ಕಬಿನಿಯಲ್ಲಿ ಮೊಸಳೆಗಳಿವೆ, ನೀರಿನಡಿ ಕಾಣದ ಮರದ ಬೊಡ್ಡೆಗಳಿವೆ ಎಂಬುದು ಬೇರೆ.

5. 'ಹಿನ್ನೀರು ನಿಂತ ನೀರು, ಅಪಾಯ ಇಲ್ಲ.'
ವಯನಾಡಿನಲ್ಲಿ ಜೋರು ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ಕಬಿನಿಯ ಒಳಹರಿವು ಏರುತ್ತದೆ. ಮಲಗುವಾಗ ಇಪ್ಪತ್ತು ಅಡಿ ದೂರ ಇದ್ದ ನೀರು ಬೆಳಗಾಗುವಾಗ ಟೆಂಟಿನ ಬುಡದಲ್ಲಿ ಇರಬಹುದು. ನೀರು ಇಳಿಯುವ ಕಾಲದಲ್ಲಿ ಕೆಸರಿನ ಅಪಾಯ. ಮೇಲೆ ಒಣಗಿದಂತೆ ಕಾಣುವ ಹೂಳು ಒಳಗೆ ಹಸಿ. ಆನೆಗಳೇ ಇಂಥ ಕೆಸರಿನಲ್ಲಿ ಸಿಕ್ಕಿಕೊಂಡದ್ದುಂಟು.

6. 'ಹೊರದೇಶಗಳಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕುತ್ತಾರೆ, ನಮ್ಮಲ್ಲಿ ಮಾತ್ರ ಈ ಕಿರಿಕಿರಿ.'
ಅಮೆರಿಕದ ಯೊಸೆಮಿಟಿ ಉದ್ಯಾನದ ಒಳಕಾಡಿನಲ್ಲಿ ಒಂದು ರಾತ್ರಿ ಉಳಿಯಲೂ ಪರ್ಮಿಟ್ ಬೇಕು. ಕರಡಿಗೆ ಸಿಗದ ಹಾಗೆ ಊಟವನ್ನು ಗಟ್ಟಿ ಡಬ್ಬಿಯಲ್ಲಿ ಇಡಲೇಬೇಕು. ಎಲ್ಲರಿಗೂ ಕಾಡಿನಲ್ಲಿ ಓಡಾಡುವ ಹಕ್ಕಿರುವ ಸ್ವೀಡನ್‌ನಲ್ಲಿ ಕೂಡ ರಾಷ್ಟ್ರೀಯ ಉದ್ಯಾನಗಳಿಗೆ ಪ್ರತ್ಯೇಕ ನಿಯಮಗಳಿವೆ. ಆ ದೇಶಗಳಲ್ಲಿ ಆನೆ ಹಿಂಡು ಇಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

7. 'ನನ್ನ ಗೆಳೆಯ ಹೋಗಿ ಬಂದ, ಏನೂ ಆಗಲಿಲ್ಲ.'
ಹೆಲ್ಮೆಟ್ ಇಲ್ಲದೆ ನೂರು ಸಲ ಓಡಾಡಿದವರೂ ಇದೇ ಮಾತು ಹೇಳುತ್ತಾರೆ. ಏನೂ ಆಗದವರು ಫೋಟೊ ಹಾಕುತ್ತಾರೆ. ಕೇಸು ಬಿದ್ದವರು ಸ್ಟೇಟಸ್ ಹಾಕುವುದಿಲ್ಲ. ಹಾಗಾಗಿ ನಮ್ಮ ಫೋನಿಗೆ ಬರುವುದು ಒಂದು ಬಗೆಯ ಕತೆ ಮಾತ್ರ.

'ರೆಸಾರ್ಟ್‌ನವರಿಗೆ ಹೇಗೆ ಬಿಡುತ್ತಾರೆ?'

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಂದು ರಾತ್ರಿಗೆ ಹತ್ತಾರು ಸಾವಿರ ಕೊಡುವವರು ಹಿನ್ನೀರು ನೋಡುತ್ತಾ ಕಾಫಿ ಕುಡಿಯುತ್ತಾರೆ, ನಾವು ಟೆಂಟ್ ಹಾಕಿದರೆ ಅಪರಾಧವೇ?

ಕಾನೂನಿನ ಉತ್ತರ ಇದು: ಕಾರಾಪುರದ ಕಡೆ ಇರುವ ರೆಸಾರ್ಟ್‌ಗಳು ಉದ್ಯಾನದ ಗಡಿಯ ಹೊರಗಿನ ಜಮೀನಿನಲ್ಲಿವೆ. ಅವುಗಳ ಅತಿಥಿಗಳು ಒಳಗೆ ಹೋಗುವುದು ಸಫಾರಿ ಅನುಮತಿಯ ಮೇಲೆಯೇ. ಕೋರ್ ಪ್ರದೇಶದ ಒಳಗೆ ಹೊಸ ಪ್ರವಾಸಿ ಕಟ್ಟಡ ಕಟ್ಟುವಂತಿಲ್ಲ, ಕೋರ್ ಪ್ರದೇಶದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಹೇಳುತ್ತದೆ.

ಕಾಡಂಚಿನಲ್ಲಿ ರೆಸಾರ್ಟ್‌ಗಳು ಹೆಚ್ಚಾಗುತ್ತಿರುವುದರ ಬಗ್ಗೆ ರೈತರಿಗೂ ಪರಿಸರದವರಿಗೂ ತಕರಾರುಗಳಿವೆ, ಅವುಗಳಲ್ಲಿ ತಿರುಳೂ ಇದೆ. ಇನ್ನೊಂದು ಕಡೆ, ಇದೇ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಜೇನುಕುರುಬರು, ಬೆಟ್ಟಕುರುಬರು ತಮ್ಮ ಹಾಡಿಗಳಿಂದ ಹೊರಬರಬೇಕಾಯಿತು. ಅವರಲ್ಲಿ ಹಲವರು 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಹಕ್ಕಿಗಾಗಿ ಇಂದಿಗೂ ಹೋರಾಡುತ್ತಿದ್ದಾರೆ. ಹುಲಿ ಆನೆಗಳಿಗಾಗಿ ಮನೆಯನ್ನೇ ಬಿಟ್ಟುಕೊಟ್ಟ ಜನ ಇರುವ ನೆಲ ಇದು. ಅಲ್ಲಿ ವಾರಾಂತ್ಯದ ಒಂದು ರಾತ್ರಿಯನ್ನು ನಾವು ಬಿಟ್ಟುಕೊಡುವುದು ಅಷ್ಟು ದೊಡ್ಡ ತ್ಯಾಗ ಅಲ್ಲ. ಒಬ್ಬರ ಮೇಲೆ ತಕರಾರು ಇದ್ದರೆ ಅದನ್ನು ಕೇಳುವ ದಾರಿ ಬೇರೆ, ಇನ್ನೊಂದು ತಪ್ಪು ಸೇರಿಸುವುದು ಬೇರೆ.

ಹಾಗಾದರೆ ಟೆಂಟಿನಲ್ಲಿ ಮಲಗುವ ಆಸೆ ಬಿಟ್ಟುಬಿಡಬೇಕೇ?

ಬೇಕಿಲ್ಲ. ಸರಿಯಾದ ದಾರಿಗಳಿವೆ.

ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ತಾಣಗಳಲ್ಲಿ ನೀರಿನ ಪಕ್ಕ ಉಳಿಯಬಹುದು. ಕಾವೇರಿ ದಂಡೆಯ ಭೀಮೇಶ್ವರಿ ಮತ್ತು ಗಾಳಿಬೋರೆ, ಜೋಗದ ಹತ್ತಿರದ ಶರಾವತಿ ಕ್ಯಾಂಪ್, ಲಕ್ಕವಳ್ಳಿಯ ರಿವರ್ ಟರ್ನ್ ಲಾಡ್ಜ್, ಕಾರಾಪುರದ ಕಬಿನಿ ರಿವರ್ ಲಾಡ್ಜ್ ಇವುಗಳಲ್ಲಿ ಕೆಲವು. ಕೆಲವೆಡೆ ಟೆಂಟ್ ಮನೆಗಳೂ ಇವೆ. ಬುಕಿಂಗ್ ಅವರ ಅಧಿಕೃತ ಜಾಲತಾಣದಲ್ಲೇ ಮಾಡಿ.

ಖಾಸಗಿ ಜಮೀನಿನ ಕ್ಯಾಂಪ್‌ಗೆ ಹೋಗುವುದಾದರೆ ನಾಲ್ಕು ಪ್ರಶ್ನೆ ಕೇಳಿ. ಜಾಗ ಯಾರ ಹೆಸರಲ್ಲಿದೆ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ಕಾಡಿನ ಗಡಿ ಎಷ್ಟು ದೂರ, ಆನೆ ತಡೆಗೆ ಏನು ಮಾಡಿದ್ದೀರಿ? ಹಣಕ್ಕೆ ರಸೀದಿ ಕೊಡುತ್ತೀರಾ? ಕಾನೂನುಬದ್ಧವಾಗಿ ನಡೆಸುವವರು ಇವಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. 'ಅದೆಲ್ಲ ಯಾಕೆ ಸಾರ್, ನೀವು ಬನ್ನಿ, ನಾವಿದ್ದೇವೆ' ಎಂದರೆ ಹೋಗಬೇಡಿ. ಸಂರಕ್ಷಿತ ಪ್ರದೇಶದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಸ್ವಂತ ಜಮೀನಿನಲ್ಲೂ ಮನಬಂದಂತೆ ವಾಣಿಜ್ಯ ಕ್ಯಾಂಪ್ ನಡೆಸುವಂತಿಲ್ಲ ಎಂಬುದು ನೆನಪಿರಲಿ.

ಹೊರಡುವ ಮೊದಲು ಹೀಗೆ ಮಾಡಿ

• ಹೋಗುವ ಜಾಗ ವನ್ಯಧಾಮವೇ, ರಾಷ್ಟ್ರೀಯ ಉದ್ಯಾನವೇ, ಮೀಸಲು ಅರಣ್ಯವೇ, ಕಂದಾಯ ಭೂಮಿಯೇ ಎಂದು ಅಲ್ಲಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926.
• ಅನುಮತಿ ಬೇಕೆಂದರೆ ಬರಹದಲ್ಲಿ ಪಡೆಯಿರಿ. ಅದರಲ್ಲಿ ಜಾಗ, ದಿನಾಂಕ, ಜನರ ಸಂಖ್ಯೆ, ಷರತ್ತು ಇರಲಿ. ಒಂದು ಪ್ರತಿಯನ್ನು ಪ್ರಿಂಟ್ ಹಾಕಿ ಇಟ್ಟುಕೊಳ್ಳಿ, ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು.
• ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಬರುತ್ತೀರಿ ಎಂದು ಮನೆಯವರಿಗೆ ತಿಳಿಸಿ.
• ಅನುಮತಿ ಇರುವ ಕ್ಯಾಂಪ್‌ನಲ್ಲೂ ಊಟ ತಿಂಡಿಯನ್ನು ಟೆಂಟಿನೊಳಗೆ ಇಟ್ಟು ಮಲಗಬೇಡಿ. ಸ್ಪೀಕರ್, ಪಟಾಕಿ ಬೇಡ. ಬೆಂಕಿ ಹಾಕಬೇಕೋ ಬೇಡವೋ ಎಂಬುದನ್ನು ಅಲ್ಲಿನ ಸಿಬ್ಬಂದಿ ಹೇಳಲಿ.
• ಕತ್ತಲಾದ ಮೇಲೆ ನೀರಿನ ದಡಕ್ಕೆ ಒಬ್ಬೊಬ್ಬರೇ ಇಳಿಯಬೇಡಿ.
• ಒಯ್ದದ್ದನ್ನೆಲ್ಲ ವಾಪಸ್ ತನ್ನಿ, ಕಡ್ಡಿಪೆಟ್ಟಿಗೆಯ ಕಡ್ಡಿಯನ್ನೂ ಸೇರಿಸಿ.
• ದಾರಿ ತಪ್ಪಿ ಒಳಗೆ ಹೋದಿರಿ ಎಂದು ಗೊತ್ತಾದ ಕೂಡಲೇ ಬಂದ ದಾರಿಯಲ್ಲೇ ಹಿಂದಿರುಗಿ. ಸಿಬ್ಬಂದಿ ತಡೆದರೆ ವಾದ ಮಾಡದೆ, ಓಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ತುರ್ತು ಸಂದರ್ಭಕ್ಕೆ 112 ಇದೆ.

ಹಾಗಾದರೆ ಆ ಫಾರ್ವರ್ಡ್?

'ಬೆಂಗಳೂರಿನಿಂದ ಐದು ಗಂಟೆ ದಾರಿ' ಎಂಬುದು ಸರಿಸುಮಾರು ನಿಜ. 'ಆನೆ ನೋಡಬಹುದು' ಎಂಬುದೂ ನಿಜ. 'ಪರ್ಮಿಷನ್ ಬೇಡ' ಎಂಬುದು ಸುಳ್ಳು. 'ಕ್ಯಾಂಪ್‌ಫೈರ್ ಹಾಕಿ' ಎಂಬುದು ಸುಳ್ಳಿಗಿಂತ ಅಪಾಯ.

ಇಂಥ ಸಂದೇಶ ಕಳಿಸುವವರು ಕೆಟ್ಟವರೇನಲ್ಲ. ಚೆಂದದ ಜಾಗ ಕಂಡರೆ ನಾಲ್ಕು ಜನಕ್ಕೆ ಹೇಳುವುದು ನಮ್ಮೆಲ್ಲರ ಸ್ವಭಾವ. ಆದರೆ ಈ ಒಂದು ಸಂದೇಶವನ್ನು ನೀವು ಐದು ಗ್ರೂಪಿಗೆ ಹಾಕಿದರೆ, ಅದರಲ್ಲಿ ಒಂದು ಗ್ರೂಪಿನ ನಾಲ್ಕು ಹುಡುಗರು ನಂಬಿ ಹೊರಟರೆ ಸಾಕು. ಆ ರಾತ್ರಿ ಹಿಂಡು ನೀರಿಗೆ ಇಳಿಯುವ ದಾರಿಯಲ್ಲಿ ಮಲಗಿರುವವರು ನಿಮ್ಮ ಅಕ್ಕನ ಮಗನೋ, ಪಕ್ಕದ ಮನೆಯ ಹುಡುಗನೋ ಆಗಿರಬಹುದು. ಅವರನ್ನು ಹುಡುಕಲು ಟಾರ್ಚ್ ಹಿಡಿದು ಕಾಡಿಗೆ ಇಳಿಯುವವರು ಕಡಿಮೆ ಸಂಬಳದ ಅರಣ್ಯ ವೀಕ್ಷಕರು.

ಮುಂದಿನ ಸಲ ಆ ಕಿತ್ತಳೆ ಟೆಂಟಿನ ಫೋಟೊ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಕಳಿಸಿದವರಿಗೆ ಒಂದೇ ಸಾಲು ಬರೆಯಿರಿ: 'ಇಲ್ಲಿಗೆ ಅನುಮತಿ ಕೊಟ್ಟವರು ಯಾರು?' ಉತ್ತರ ಬಾರದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.